ರಾತ್ರಿ ಉಣ್ಣದಿದ್ದರೂ ಬೆಳಿಗ್ಗೆ ಸಕ್ಕರೆ ಏರಿದರೆ: ಯಕೃತ್ತಿಗೆ ಇನ್ಸುಲಿನ್ನಿನ ಮಾತು ಕೇಳಿಸುವ ಬಗೆ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾನು ಫಾರ್ಮಸಿಸ್ಟ್ ಆಗಿರುವ ಔಷಧದ ಅಂಗಡಿಗೆ ಮಾಟುಂಗಾದ ಹೋಟೆಲೊಂದರ ಅಡುಗೆಯವರೊಬ್ಬರು ತಿಂಗಳಿಗೊಮ್ಮೆ ಗ್ಲುಕೋಮೀಟರಿನ ಸ್ಟ್ರಿಪ್ ಕೊಳ್ಳಲು ಬರುತ್ತಾರೆ. ಕುಂದಾಪುರದ ಕಡೆಯವರು, ವಯಸ್ಸು 52, ಸಕ್ಕರೆ ಕಾಯಿಲೆ ಗೊತ್ತಾಗಿ ಮೂರು ವರ್ಷ. ಕಳೆದ ಮಳೆಗಾಲದ ಆರಂಭದಲ್ಲಿ ಅವರು ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟ ಪುಟ್ಟ ಪುಸ್ತಕದ ಅಂಚಿಗೆ ಎಣ್ಣೆಯ ಕಲೆ ಹತ್ತಿತ್ತು. ಒಳಗೆ ಎರಡೇ ಅಂಕಣಗಳಿದ್ದವು: ಮಲಗುವಾಗ 134, ಎದ್ದಾಗ 171. "ರಾತ್ರಿ ಒಂದು ಲೋಟ ಮಜ್ಜಿಗೆ ಬಿಟ್ಟರೆ ಏನೂ ಮುಟ್ಟಲಿಲ್ಲ ಮಾರಾಯ್ರೆ, ಇದು ಎಲ್ಲಿಂದ ಬಂತು?" ಎಂದು ಕೇಳಿದರು. ಮಧುಮೇಹದ ಬಗ್ಗೆ ನಾನು ದಿನವೂ ಕೇಳುವ ಪ್ರಶ್ನೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿಲ್ಲ. ಊಟ ಬಿಟ್ಟರೂ ಇಳಿಯದ ಬೆಳಗಿನ ಸಕ್ಕರೆಯನ್ನು ಕಂಡು ಧೈರ್ಯಗೆಟ್ಟವರು ಪಥ್ಯವನ್ನೇ ಕೈಬಿಡುತ್ತಾರೆ, ಕೆಲವರು ಮಾತ್ರೆಯನ್ನೂ ಬಿಡುತ್ತಾರೆ.

ಆ ಸಕ್ಕರೆ ಬಂದದ್ದು ತಟ್ಟೆಯಿಂದಲ್ಲ, ಯಕೃತ್ತಿನಿಂದ. ನಾವು ಲಿವರ್ ಎಂದು ಕರೆಯುವ ಒಂದೂವರೆ ಕಿಲೋ ತೂಕದ ಈ ಅಂಗ ಹಗಲಿನಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ, ರಾತ್ರಿ ಅದನ್ನು ಬಿಡಿಸಿ, ಜೊತೆಗೆ ಹೊಸದಾಗಿಯೂ ತಯಾರಿಸಿ ರಕ್ತಕ್ಕೆ ಕೊಡುತ್ತದೆ. ಮಿದುಳು ನಿದ್ದೆಯಲ್ಲೂ ಗ್ಲೂಕೋಸನ್ನು ಬೇಡುತ್ತಲೇ ಇರುವುದರಿಂದ ಇದು ನಡೆಯಲೇಬೇಕಾದ ಕೆಲಸ. ಆರೋಗ್ಯವಂತರ ಯಕೃತ್ತು ಖಾಲಿ ಹೊಟ್ಟೆಯಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 2 ಮಿಲಿಗ್ರಾಂ ಗ್ಲೂಕೋಸನ್ನು ಬಿಡುತ್ತದೆ. ಎಂದರೆ 60 ಕಿಲೋ ತೂಗುವವರಲ್ಲಿ ಗಂಟೆಗೆ 7 ಗ್ರಾಂ. ಸಾಮಾನ್ಯ ಮಟ್ಟದಲ್ಲಿ ನಮ್ಮ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಯಕೃತ್ತು ಪ್ರತಿ ಗಂಟೆಯೂ ಅದಕ್ಕಿಂತ ಹೆಚ್ಚನ್ನು ಸುರಿಯುತ್ತಿರುವಾಗ ಅದರ ಹಿಡಿತ ಸ್ವಲ್ಪ ಸಡಿಲವಾದರೂ ಬೆಳಗಿನ ಅಂಕಿ ಮೇಲೇರುವುದು ಅನಿವಾರ್ಯ. ಆ ಹಿಡಿತದ ಹೆಸರೇ ಇನ್ಸುಲಿನ್.

ಏನು ಮಾಡಬೇಕು ಎಂಬುದಕ್ಕೆ ಮೊದಲು ಈ ಹಿಡಿತ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ, ಏಕೆಂದರೆ ಮುಂದೆ ಹೇಳುವ ಪ್ರತಿಯೊಂದು ಕ್ರಮವೂ ಇದರ ಯಾವುದಾದರೂ ಒಂದು ಕೊಂಡಿಯನ್ನು ಹಿಡಿದುಕೊಂಡಿದೆ. ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಮೊದಲೇ ಮೈಯೆಲ್ಲ ಸುತ್ತುವುದಿಲ್ಲ. ಕರುಳಿನಿಂದ ಆಹಾರದ ಸಾರವನ್ನು ಹೊತ್ತು ತರುವ ಪೋರ್ಟಲ್ ರಕ್ತನಾಳದ ಮೂಲಕ ಅದು ನೇರವಾಗಿ ಯಕೃತ್ತಿಗೆ ಬರುತ್ತದೆ, ಮತ್ತು ಅದರಲ್ಲಿ ಸುಮಾರು ಅರ್ಧದಷ್ಟು ಆ ಮೊದಲ ಸುತ್ತಿನಲ್ಲೇ ಅಲ್ಲಿ ಮುಗಿದುಹೋಗುತ್ತದೆ. ಯಕೃತ್ತಿನ ಜೀವಕೋಶದ ಹೊರಮೈಯಲ್ಲಿರುವ ಗ್ರಾಹಿಗೆ, ಎಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ಇನ್ಸುಲಿನ್ ಕೂಡಿಕೊಂಡಾಗ ಒಳಗೆ ಐಆರ್‌ಎಸ್ ಎಂಬ ಪ್ರೋಟೀನು, ಅದರಿಂದ ಪಿಐ3 ಕೈನೇಸ್, ಅದರಿಂದ ಎಕೆಟಿ, ಹೀಗೆ ಒಂದರಿಂದ ಒಂದಕ್ಕೆ ಸಂದೇಶ ದಾಟುತ್ತದೆ. ಎಚ್ಚೆತ್ತ ಎಕೆಟಿ ಎರಡು ಕೆಲಸ ಮಾಡುತ್ತದೆ. ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕಟ್ಟಿಡುವ ಕಿಣ್ವಕ್ಕೆ ದಾರಿ ಬಿಡಿಸಿಕೊಡುವುದು ಒಂದು. ಹೊಸ ಗ್ಲೂಕೋಸ್ ತಯಾರಿಸುವ ಜೀನುಗಳನ್ನು ಚಾಲೂ ಇಡುವ ಫಾಕ್ಸೋ1 ಎಂಬ ಪ್ರೋಟೀನನ್ನು ಕೋಶಕೇಂದ್ರದಿಂದ ಹೊರಗೆ ಅಟ್ಟುವುದು ಇನ್ನೊಂದು. 2000ದಲ್ಲಿ ಬಾಸ್ಟನ್ನಿನ ಜೋಸ್ಲಿನ್ ಕೇಂದ್ರದ ರೊನಾಲ್ಡ್ ಕಾನ್ ಅವರ ತಂಡ ಯಕೃತ್ತಿನಲ್ಲಿ ಮಾತ್ರ ಇನ್ಸುಲಿನ್ ಗ್ರಾಹಿ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ಉಳಿದ ಅಂಗಗಳಲ್ಲಿ ಗ್ರಾಹಿ ಇದ್ದರೂ ಆ ಇಲಿಗಳ ಯಕೃತ್ತು ಸಕ್ಕರೆ ಸುರಿಯುವುದನ್ನು ಇನ್ಸುಲಿನ್ನಿಗೆ ತಡೆಯಲು ಆಗಲಿಲ್ಲ.

ಮಧುಮೇಹ ಇರುವ ಮನುಷ್ಯರಲ್ಲಿ ಸಾಮಾನ್ಯವಾಗಿ ಗ್ರಾಹಿ ಇರುತ್ತದೆ, ಆದರೆ ಅದರ ಕಿವಿ ಮಂದವಾಗಿರುತ್ತದೆ. ಮಂದವಾಗುವ ಮುಖ್ಯ ಕಾರಣ ಯಕೃತ್ತಿನ ಒಳಗೆ ಸೇರಿಕೊಂಡ ಕೊಬ್ಬು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್‌ಮನ್ ಅವರ ತಂಡ ವರ್ಷಗಟ್ಟಲೆ ಮಾಡಿದ ಸಂಶೋಧನೆ ತೋರಿಸುವ ಪ್ರಕಾರ, ಕೋಶದಲ್ಲಿ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನ ಅಂಶ ಹೆಚ್ಚಿದಾಗ ಅದು ಪ್ರೋಟೀನ್ ಕೈನೇಸ್ ಸಿ ಗುಂಪಿನ ಒಂದು ಕಿಣ್ವವನ್ನು ಕೆರಳಿಸಿ, ಇನ್ಸುಲಿನ್ ಗ್ರಾಹಿಯ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ. ಇದರ ಜೊತೆಗೆ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಸಕ್ಕರೆ ತಯಾರಿಯನ್ನು ನಿಲ್ಲಿಸು ಎಂಬ ಆಜ್ಞೆಯನ್ನು ಕೇಳಿಸಿಕೊಳ್ಳದ ಅದೇ ಯಕೃತ್ತು, ಕೊಬ್ಬು ತಯಾರಿಸು ಎಂಬ ಇನ್ಸುಲಿನ್ನಿನ ಆಜ್ಞೆಯನ್ನು ಮಾತ್ರ ಪಾಲಿಸುತ್ತಲೇ ಹೋಗುತ್ತದೆ; ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 2008ರಲ್ಲಿ ಇದನ್ನು ಆಯ್ದ ಪ್ರತಿರೋಧವೆಂದು ವಿವರಿಸಿದರು. ಹೀಗಾಗಿ ಕಿವುಡಾದ ಯಕೃತ್ತನ್ನು ಮಣಿಸಲು ದೇಹ ಹೆಚ್ಚು ಹೆಚ್ಚು ಇನ್ಸುಲಿನ್ ಕಳುಹಿಸಿದಷ್ಟೂ ಕೊಬ್ಬು ಇನ್ನಷ್ಟು ಕೂಡುತ್ತದೆ. ಈ ಸುತ್ತನ್ನು ಮುರಿಯುವ ಜಾಗ ಕೊಬ್ಬೇ ಎಂದು ನಾನು ನಂಬಿದ್ದೇನೆ.

ಯಕೃತ್ತಿಗೆ ಆಜ್ಞೆ ತಲುಪುವ ದಾರಿ ಇದೊಂದೇ ಅಲ್ಲ. ಹೊಟ್ಟೆಯ ಕೊಬ್ಬಿನಿಂದ ಕೊಬ್ಬಿನಾಮ್ಲ ಕರಗಿ ಹರಿಯುವುದನ್ನು ಇನ್ಸುಲಿನ್ ತಡೆದಾಗ, ಹೊಸ ಗ್ಲೂಕೋಸ್ ಮಾಡಲು ಯಕೃತ್ತಿಗೆ ಬೇಕಾದ ಉರುವಲೂ ಕಡಿಮೆಯಾಗುತ್ತದೆ. ಸೊಂಟದ ಅಳತೆಗೂ ಬೆಳಗಿನ ಸಕ್ಕರೆಗೂ ನಂಟು ಇರುವುದು ಇದರಿಂದ.

ಮೊದಲು ಏಳು ರಾತ್ರಿಗಳ ಲೆಕ್ಕ

ನಿಮ್ಮ ತೊಂದರೆ ಯಕೃತ್ತಿನದೇ, ರಾತ್ರಿಯ ಊಟದ್ದೇ ಎಂಬುದನ್ನು ಊಹೆಯಿಂದ ಹೇಳಬೇಡಿ, ಅಳೆದು ನೋಡಿ. ಒಂದು ರಾತ್ರಿಯ ಅಳತೆ ಸಾಲದು: ಮನೆಯ ಮೀಟರಿಗೆ ನಿಯಮದಲ್ಲೇ 15 ಪ್ರತಿಶತದಷ್ಟು ಅತ್ತಿತ್ತ ಹೋಗುವ ಅವಕಾಶವಿರುವುದರಿಂದ 134 ಎಂದು ತೋರಿಸಿದ್ದು 117 ಇರಬಹುದು, 157 ಕೂಡ ಇರಬಹುದು. ಏಳು ರಾತ್ರಿ ಅಳೆದು ಸರಾಸರಿ ತೆಗೆದರೆ ಈ ಏರುಪೇರು ಬಹಳಷ್ಟು ಇಳಿಯುತ್ತದೆ. ಈ ಏಳು ದಿನ ರಾತ್ರಿಯ ಊಟ ಮುಗಿದು ಕನಿಷ್ಠ ಮೂರು ಗಂಟೆಯಾದ ಮೇಲೆ ಮೊದಲ ಅಳತೆ ಇರಬೇಕು, ಬೆಳಿಗ್ಗೆ ಎದ್ದು ಚಹಾಕ್ಕೂ ಮುಂಚೆ ಎರಡನೆಯದು. ಕೈಯನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮಾವಿನಹಣ್ಣು ಹೆಚ್ಚಿದ ಬೆರಳನ್ನು ನೀರಿನಲ್ಲಿ ಅದ್ದಿ ಹಾಗೆಯೇ ಚುಚ್ಚಿಕೊಂಡು, 260 ಬಂತೆಂದು ಗಾಬರಿಯಿಂದ ಅಂಗಡಿಗೆ ಓಡಿ ಬಂದವರನ್ನು ನಾನು ಕಂಡಿದ್ದೇನೆ.

ಹೋಟೆಲಿನಲ್ಲಿ ದುಡಿಯುವವರಿಗೆ ಇದು ಕಷ್ಟ ಎಂಬುದು ನನಗೆ ಗೊತ್ತು. ಗಿರಾಕಿಗಳು ಹೋಗಿ, ಒಲೆ ಆರಿಸಿ, ನೆಲ ತೊಳೆದು ಹನ್ನೊಂದೂವರೆಗೆ ಉಂಡು ಹನ್ನೆರಡಕ್ಕೆ ಮಲಗುವವರ ಮಲಗುವ ಹೊತ್ತಿನ ಸಕ್ಕರೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಆ ಊಟದ ಸಕ್ಕರೆ ಇನ್ನೂ ಪೂರ್ತಿಯಾಗಿ ರಕ್ತಕ್ಕೆ ಸೇರಿರುವುದಿಲ್ಲ. ಸಂಜೆಯ ಗಿರಾಕಿ ಏರುವ ಮೊದಲು, ಆರೂವರೆಯ ಹೊತ್ತಿಗೆ ಊಟ ಮುಗಿಸಿಕೊಳ್ಳಲು ಅವಕಾಶ ಸಿಗುವುದೇ ನೋಡಿ. ಇದು ಅಳತೆಗಾಗಿ ಮಾತ್ರವಲ್ಲ, ಮುಂದೆ ಚಿಕಿತ್ಸೆಗೂ ಬೇಕಾದ ಏರ್ಪಾಡು.

ಏಳು ದಿನದ ಪುಟ ತುಂಬಿದ ಮೇಲೆ ಓದುವ ಕ್ರಮ ಹೀಗಿದೆ. ಮಲಗುವಾಗಲೇ 180, 200 ಇದ್ದು ಬೆಳಿಗ್ಗೆ ಹೆಚ್ಚು ಕಡಿಮೆ ಅಷ್ಟೇ ಇದ್ದರೆ ಮೊದಲು ಸರಿಯಾಗಬೇಕಾದದ್ದು ರಾತ್ರಿಯ ತಟ್ಟೆ. ಮಲಗುವಾಗ ಒಪ್ಪುವ ಮಟ್ಟದಲ್ಲಿದ್ದು ಬೆಳಿಗ್ಗೆ ಸರಾಸರಿ 20, 30 ಅಂಶ ಏರುತ್ತಿದ್ದರೆ ಯಕೃತ್ತಿನ ಕಡೆಗೆ ಬೆರಳು ತೋರಿಸಬಹುದು. ಮುಂಜಾವಿನಲ್ಲಿ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ಯಕೃತ್ತನ್ನು ಎಬ್ಬಿಸುವುದು ಎಲ್ಲರಲ್ಲೂ ಇರುವ ಸಹಜ ಕ್ರಿಯೆ. ಇನ್ಸುಲಿನ್ ಅದಕ್ಕೆ ಸರಿಸಮವಾಗಿ ನಿಲ್ಲಲಾರದವರಲ್ಲಿ ಮಾತ್ರ ಅದು ಅಂಕಿಯಾಗಿ ಕಾಣುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ದೇಹದ ಇನ್ಸುಲಿನ್ ಹೆಚ್ಚಿಸುವ ಮಾತ್ರೆಗಳಾದ ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ನುಂಗುವವರು ಒಂದೆರಡು ದಿನ ರಾತ್ರಿ ಮೂರು ಗಂಟೆಗೆ ಎದ್ದು ಅಳೆಯಲೇಬೇಕು. ಆಗ 70ಕ್ಕಿಂತ ಕೆಳಗೆ ಕಂಡರೆ ಸಕ್ಕರೆ ತಿಂದು ಸರಿಪಡಿಸಿಕೊಂಡು, ಮರುದಿನವೇ ವೈದ್ಯರಿಗೆ ತಿಳಿಸಿ. ಅಂಥವರಿಗೆ ಬೆಳಗಿನ ಅಂಕಿ ನೋಡಿ ಔಷಧ ಹೆಚ್ಚಿಸುವುದು ಅಪಾಯ.

ಜೊತೆಗೆ ಸೊಂಟವನ್ನು ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟು ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ತೆಳ್ಳಗಿದ್ದೇನೆ, ನನಗೆಲ್ಲಿ ಫ್ಯಾಟಿ ಲಿವರ್ ಎಂದು ಯಾರೂ ಸುಮ್ಮನಾಗಬಾರದು. ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಸಂಶೋಧನೆ ಇಲ್ಲಿಂದ ಮೂರು ಗಂಟೆಯ ದಾರಿಯಲ್ಲಿರುವ ಪುಣೆಯ ಕೆಇಎಂ ಆಸ್ಪತ್ರೆಯಲ್ಲಿ ನಡೆದದ್ದು. ಅಲ್ಲಿನ ಡಾ. ಚಿತ್ತರಂಜನ ಯಾಜ್ಞಿಕ್ 2004ರಲ್ಲಿ ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3; ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ 9.1 ಪ್ರತಿಶತ, ಯಾಜ್ಞಿಕ್ ಅವರಲ್ಲಿ 21.2 ಪ್ರತಿಶತ. ತಕ್ಕಡಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿತ್ತು. ಸುಮಾರು 2.7 ಕಿಲೋ ತೂಕದಲ್ಲಿ ಹುಟ್ಟುವ ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳಲ್ಲೂ ಸ್ನಾಯು ಕಡಿಮೆ, ಕೊಬ್ಬು ಉಳಿದುಕೊಂಡಿರುತ್ತದೆ ಎಂಬುದು ಅದೇ ತಂಡ ಕಂಡುಕೊಂಡ ಸಂಗತಿ. ಗೋವಾದಲ್ಲಿರುವ ಕನ್ನಡಿಗರಿಗೂ ಒಂದು ಮಾತು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ ಮಧುಮೇಹದ ಪ್ರಮಾಣ ಅತಿ ಹೆಚ್ಚು ಕಂಡದ್ದು ಗೋವಾದಲ್ಲಿ, 26.4 ಪ್ರತಿಶತ.

ರಕ್ತಪರೀಕ್ಷೆಯ ಹಳೆಯ ವರದಿಗಳು ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಯಕೃತ್ತು ಕೊಬ್ಬಿನಿಂದ ಮುಂದೆ ಹೋಗಿ ಗಟ್ಟಿಯಾಗತೊಡಗಿದೆಯೇ ಎಂಬುದನ್ನು ಅಂದಾಜು ಮಾಡಲು ವೈದ್ಯರು ಫಿಬ್-4 ಎಂಬ ಲೆಕ್ಕವನ್ನು ಬಳಸುತ್ತಾರೆ. ಅದಕ್ಕೆ ಬೇಕಾದದ್ದು ವಯಸ್ಸು, ಯಕೃತ್ತಿನ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಮತ್ತು ಪ್ಲೇಟ್‌ಲೆಟ್ ಎಣಿಕೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು, ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ ಬಂದದ್ದರಿಂದ ಭಾಗಿಸಿ. ನಮ್ಮ ಅಡುಗೆಯವರ ವರದಿಯಲ್ಲಿ ಎಸ್‌ಜಿಒಟಿ 38, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ ಇತ್ತು. 52ನ್ನು 38ರಿಂದ ಗುಣಿಸಿದರೆ 1976, 210ನ್ನು 49ರ ವರ್ಗಮೂಲವಾದ 7ರಿಂದ ಗುಣಿಸಿದರೆ 1470, ಭಾಗಿಸಿದರೆ 1.34. ಈ ಲೆಕ್ಕ 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ, 65 ದಾಟಿದವರಿಗೆ ಆ ಗೆರೆ 2. ಅದಕ್ಕೆ ಮೇಲಿದ್ದರೆ ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಬೇಕು, 2.67 ದಾಟಿದ್ದರೆ ತಡಮಾಡಬಾರದು. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ನಂಬುವಂಥದ್ದಲ್ಲ. ಸೋನೋಗ್ರಫಿಯಲ್ಲಿ ಏನೂ ಕಾಣಲಿಲ್ಲ ಎಂದರೆ ಕೊಬ್ಬು ಇಲ್ಲವೆಂದೂ ಅಲ್ಲ. ಯಕೃತ್ತಿನಲ್ಲಿ 5 ಪ್ರತಿಶತ ಮೀರಿದರೇ ಅದು ಹೆಚ್ಚು, ಆದರೆ ಸಾಮಾನ್ಯ ಸೋನೋಗ್ರಫಿಗೆ ಅದು ಚೆನ್ನಾಗಿ ಕಾಣಿಸಬೇಕಾದರೆ 20 ಪ್ರತಿಶತದ ಆಸುಪಾಸು ಇರಬೇಕು. ಇನ್ಸುಲಿನ್ ಪ್ರತಿರೋಧ ತೋರಿಸುವ ಹೋಮಾ ಪರೀಕ್ಷೆಗೆ ಕೆಲವರು ದುಡ್ಡು ಸುರಿಯುತ್ತಾರೆ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದು ಅಪರೂಪ, ಆ ಹಣದಲ್ಲಿ ಎರಡು ಡಬ್ಬಿ ಸ್ಟ್ರಿಪ್ ಕೊಳ್ಳುವುದು ಲೇಸು.

ಯಕೃತ್ತಿನ ಕೊಬ್ಬನ್ನು ಇಳಿಸುವುದು

ಯಕೃತ್ತಿನ ಕೊಬ್ಬಿನ ಒಂದು ಗುಣ ನಮಗೆ ಅನುಕೂಲವಾದದ್ದು: ಅದು ದೇಹದ ಉಳಿದ ಕೊಬ್ಬಿಗಿಂತ ಮೊದಲೇ ಕರಗುತ್ತದೆ. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಅವರ ತಂಡ 2011ರಲ್ಲಿ, ಮಧುಮೇಹ ಗೊತ್ತಾಗಿ ನಾಲ್ಕು ವರ್ಷ ದಾಟದ 11 ಮಂದಿಗೆ ದಿನಕ್ಕೆ ಸುಮಾರು 600 ಕ್ಯಾಲರಿಯ ಆಹಾರವನ್ನು ಎಂಟು ವಾರ ಕೊಟ್ಟಿತು. ಒಂದೇ ವಾರದಲ್ಲಿ ಅವರ ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 166ರಿಂದ 106ಕ್ಕೆ ಇಳಿಯಿತು, ಎಂಟು ವಾರದಲ್ಲಿ ಯಕೃತ್ತಿನ ಕೊಬ್ಬು 12.8 ಪ್ರತಿಶತದಿಂದ 2.9ಕ್ಕೆ ಬಂತು. ಮುಂದೆ 2017ರಲ್ಲಿ ಅವರೂ ಜೊತೆಗೂಡಿ ನೇತೃತ್ವ ವಹಿಸಿದ ದೊಡ್ಡ ಪ್ರಯೋಗದಲ್ಲಿ ತೂಕ ಇಳಿಸುವ ಚಿಕಿತ್ಸೆ ಪಡೆದವರಲ್ಲಿ 46 ಪ್ರತಿಶತ ಜನ ಒಂದು ವರ್ಷದ ನಂತರ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯ ಕೆಳಗಿದ್ದರು. 15 ಕಿಲೋಗಿಂತ ಹೆಚ್ಚು ಇಳಿಸಿದವರಲ್ಲಿ ಆ ಪ್ರಮಾಣ 86 ಪ್ರತಿಶತ. ಮೊದಲೇ ತೆಳ್ಳಗಿರುವ ನಮ್ಮವರು 15 ಕಿಲೋ ಎಂದ ಕೂಡಲೇ ಹೆದರಬೇಕಾಗಿಲ್ಲ. ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಮಂದಿಯ ಮೇಲೆ ಅದೇ ತಂಡ ಮಾಡಿದ ಇನ್ನೊಂದು ಅಧ್ಯಯನದಲ್ಲಿ 14 ಮಂದಿ ಮಾತ್ರೆ ಬೇಡದ ಆ ಸ್ಥಿತಿಗೆ ತಲುಪಿದರು, ಅವರಿಗೆ ಬೇಕಾದದ್ದು ತಮ್ಮ ತೂಕದ ಸುಮಾರು 6.5 ಪ್ರತಿಶತ ಇಳಿಕೆ. 70 ಕಿಲೋ ತೂಗುವವರಿಗೆ ಅದು ನಾಲ್ಕೂವರೆ ಕಿಲೋ.

600, 800 ಕ್ಯಾಲರಿಯ ಉಪವಾಸವನ್ನು ಯಾರೂ ಮನೆಯಲ್ಲಿ ತಾವಾಗಿಯೇ ಆರಂಭಿಸಬಾರದು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಅಥವಾ ಇನ್ಸುಲಿನ್ ಮೇಲಿರುವವರು ಊಟ ಕಡಿಮೆ ಮಾಡಿ ಔಷಧವನ್ನು ಹಾಗೆಯೇ ಮುಂದುವರಿಸಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಿಗೆ ಉಪವಾಸದಲ್ಲಿ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಎಂಬ ಅಪಾಯಕಾರಿ ಸ್ಥಿತಿ ಬರಬಹುದು, ಅದರಲ್ಲಿ ಮೀಟರಿನ ಅಂಕಿ ಹೆಚ್ಚೇನೂ ಏರಿರುವುದಿಲ್ಲ, ಆದ್ದರಿಂದ ಗುರುತು ಸಿಗುವುದು ತಡ. ಮೊದಲು ವೈದ್ಯರ ಬಳಿ ಹೋಗಿ ಔಷಧದ ಪ್ರಮಾಣ ಇಳಿಸಿಕೊಂಡು, ಅನಂತರ ಊಟ ಇಳಿಸಿ. ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆಯವರು ತಮ್ಮ ವೈದ್ಯರು ಹೇಳಿದ ಆಹಾರಕ್ರಮವನ್ನು ಬದಲಿಸಕೂಡದು.

ಹೆಚ್ಚಿನವರಿಗೆ ದಿನಕ್ಕೆ 500 ಕ್ಯಾಲರಿಯ ಕಡಿತ ಸಾಕು, ಮತ್ತು ಮುಂಬಯಿಯ ನಮ್ಮ ಬದುಕಿನಲ್ಲಿ ಅದನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ. ನಾನು ಮೊದಲು ಕೇಳುವುದು ಚಹಾದ ಲೆಕ್ಕ. ದಿನಕ್ಕೆ ಆರು ಕಟಿಂಗ್ (ಅರ್ಧ ಲೋಟದ ಚಹಾ), ಒಂದೊಂದಕ್ಕೆ ಒಂದೂವರೆ ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ ಸಕ್ಕರೆ, 160 ಕ್ಯಾಲರಿ. ಕ್ಯಾಲರಿಗಿಂತ ಮುಖ್ಯವಾದ ವಿಷಯವೊಂದು ಇಲ್ಲಿದೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದರ ಬಹುಪಾಲನ್ನು ಯಕೃತ್ತೇ ಅರಗಿಸಬೇಕು, ಮತ್ತು ಯಕೃತ್ತು ಹೆಚ್ಚುವರಿ ಫ್ರಕ್ಟೋಸನ್ನು ಸಲೀಸಾಗಿ ಕೊಬ್ಬಾಗಿ ಮಾಡಿಡುತ್ತದೆ. ಬಾಟಲಿಯ ತಂಪು ಪಾನೀಯ, ಸಕ್ಕರೆ ಹಾಕಿದ ಕೋಕಂ ಶರಬತ್ತು, ಪೊಟ್ಟಣದ ಹಣ್ಣಿನ ರಸ, ಬೆಲ್ಲದ ಚಹಾ ಎಲ್ಲಕ್ಕೂ ಇದೇ ಮಾತು. ಬೆಲ್ಲ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದ್ದರೂ ಯಕೃತ್ತಿನ ಮಟ್ಟಿಗೆ ಅದು ಸಕ್ಕರೆಯೇ. ಇಡೀ ಹಣ್ಣಿನ ಮಾತು ಬೇರೆ. ಒಂದು ಪೇರಲೆ, ಒಂದು ಮೂಸಂಬಿ ತಿಂದರೆ ತೊಂದರೆಯಿಲ್ಲ.

ಸಂಕಷ್ಟಿ, ಏಕಾದಶಿಯ ಉಪವಾಸವೂ ಇಲ್ಲಿ ದಾರಿ ತಪ್ಪಿಸುತ್ತದೆ. ಮರಾಠಿ ನೆರೆಯವರಿಂದ ಕಲಿತ ಸಾಬುದಾಣೆಯ ಖಿಚಡಿ ಈಗ ನಮ್ಮ ಮನೆಗಳಲ್ಲೂ ರೂಢಿ. ಸಾಬುದಾಣೆ ಎಂದರೆ ಹೆಚ್ಚು ಕಡಿಮೆ ಬರೀ ಪಿಷ್ಟ, ಅದರ ಮೇಲೆ ತುಪ್ಪ, ಆಲೂಗಡ್ಡೆ. ಉಪವಾಸ ಮಾಡಲೇಬೇಕೆಂದಿರುವವರು ಮಜ್ಜಿಗೆ, ಸ್ವಲ್ಪ ಹುರಿದ ಶೇಂಗಾ, ಒಂದು ಹಣ್ಣಿಗೆ ನಿಲ್ಲಿಸಿದರೆ ಅದು ಯಕೃತ್ತಿಗೂ ಉಪವಾಸವಾದೀತು.

ಅಡುಗೆಯವರ ತಟ್ಟೆಯನ್ನು ನಾವು ಹೀಗೆ ಬದಲಿಸಿದೆವು. ಮೊದಲು ಅವರು ದೊಡ್ಡ ಸೌಟಿನಲ್ಲಿ ಮೂರು ಸೌಟು ಅನ್ನ, ಸಾಂಬಾರು, ಎರಡು ಹಪ್ಪಳ ಉಣ್ಣುತ್ತಿದ್ದರು. ಈಗ ಒಂದೂವರೆ ಸೌಟು ಅನ್ನ, ಅದರ ಎರಡರಷ್ಟು ಬೀನ್ಸ್, ಎಲೆಕೋಸು ಅಥವಾ ಸೋರೆಕಾಯಿಯ ಪಲ್ಯ, ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ, ಮಜ್ಜಿಗೆ. ಪಲ್ಯ ಮತ್ತು ಉಸಲಿಯನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಣ್ಣುತ್ತಾರೆ, ಹಾಗೆ ಮಾಡಿದಾಗ ಊಟದ ನಂತರದ ಏರಿಕೆ ಕಡಿಮೆ. ಮೀನು ತಿನ್ನುವವರು ಬಂಗುಡೆಯನ್ನು ಕಾವಲಿಯ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಬೇಯಿಸಿಕೊಳ್ಳಬಹುದು. ರವೆ ಹಚ್ಚಿ ಮುಳುಗಿಸಿ ಕರಿದರೆ ಲಾಭವೆಲ್ಲ ಎಣ್ಣೆಯ ಪಾಲು. ಕುಚ್ಚಲಕ್ಕಿ ಬೆಳ್ತಿಗೆಗಿಂತ ಒಳ್ಳೆಯದು ನಿಜ, ಆದರೆ ಗಂಜಿಯ ಹೆಸರಿನಲ್ಲಿ ಮೂರು ಬಟ್ಟಲು ಕುಡಿದರೆ ಆ ಒಳ್ಳೆಯತನ ಉಳಿಯುವುದಿಲ್ಲ.

ಕಚೇರಿಗೆ ಹೋಗುವವರ ತೊಡಕು ಬೇರೆ. ಫೋರ್ಟಿನಿಂದ ಏಳಕ್ಕೆ ಹೊರಟು, ಗರ್ದಿಯ ಲೋಕಲ್ಲಿನಲ್ಲಿ ನಿಂತು, ದಾರಿಯಲ್ಲಿ ಹಸಿವು ತಡೆಯದೆ ಒಂದು ವಡಾಪಾವ್ ತಿಂದು, ಒಂಬತ್ತಕ್ಕೆ ಮನೆ ಸೇರಿ ಹತ್ತಕ್ಕೆ ಹೊಟ್ಟೆ ತುಂಬ ಉಣ್ಣುವವರು ಎರಡು ರಾತ್ರಿಯೂಟ ಮಾಡಿದಂತೆಯೇ ಸರಿ. ಡಬ್ಬಿಯಲ್ಲಿ ಎರಡು ಚಪಾತಿ, ಪಲ್ಯ ಉಳಿಸಿಕೊಂಡು ಆರೂವರೆಗೆ ಕಚೇರಿಯಲ್ಲೇ ತಿಂದು, ಮನೆಯಲ್ಲಿ ಒಂದು ಬಟ್ಟಲು ಸಾರು ಅಥವಾ ಮಜ್ಜಿಗೆಗೆ ನಿಲ್ಲಿಸಿ ನೋಡಿ. ಇಷ್ಟೇ ಬದಲಾವಣೆಯಿಂದ ಬೆಳಗಿನ ಅಂಕಿ ಇಳಿದ ಹಲವರ ಪುಸ್ತಕ ನಾನು ನೋಡಿದ್ದೇನೆ.

ನಡಿಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ, ರಾತ್ರಿಯ ಊಟದ ನಂತರ ಹದಿನೈದು ನಿಮಿಷ ಓಡಾಟ. ಆದರೆ ಕಡಿಮೆ ಜನ ಬಲ್ಲ ಸಂಗತಿಯೊಂದಿದೆ: ತೂಕ ಒಂದು ಕಿಲೋ ಇಳಿಯದಿದ್ದರೂ ವ್ಯಾಯಾಮದಿಂದ ಯಕೃತ್ತಿನ ಕೊಬ್ಬು ಇಳಿಯುತ್ತದೆ. ತಕ್ಕಡಿ ಅಲುಗಲಿಲ್ಲವೆಂದು ನಡಿಗೆ ನಿಲ್ಲಿಸಬೇಡಿ. ನಿದ್ದೆಗೆಟ್ಟ ರಾತ್ರಿಯ ಮರುದಿನ ದೇಹ ಇನ್ಸುಲಿನ್ನಿಗೆ ಕಡಿಮೆ ಸ್ಪಂದಿಸುತ್ತದೆ ಎಂಬುದನ್ನೂ ಪಾಳಿಯಲ್ಲಿ ದುಡಿಯುವವರು ನೆನಪಿಡಬೇಕು.

ಮದ್ಯದ ವಿಷಯದಲ್ಲಿ ನನಗೆ ನಿಷ್ಠುರವಾಗಿ ಹೇಳುವುದಿದೆ. ಮದ್ಯ ಯಕೃತ್ತಿಗೆ ಕೊಬ್ಬು ತುಂಬುವುದಷ್ಟೇ ಅಲ್ಲ, ಅದನ್ನು ಅರಗಿಸುವ ಹೊತ್ತಿನಲ್ಲಿ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸಲಾರದು. ಗ್ಲಿಮೆಪಿರೈಡ್ ನುಂಗಿ, ಖಾಲಿ ಹೊಟ್ಟೆಗೆ ಫೆನಿಯೋ ವಿಸ್ಕಿಯೋ ಕುಡಿದು ಮಲಗಿದವರ ಸಕ್ಕರೆ ನಡುರಾತ್ರಿ ಪಾತಾಳಕ್ಕೆ ಇಳಿಯಬಹುದು, ಪಕ್ಕದವರು ಅಮಲೆಂದು ಸುಮ್ಮನಿರಬಹುದು. ಕೋಣೆ ಹಂಚಿಕೊಂಡು ಇರುವ ಕೆಲಸಗಾರರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ, ಅವರು ಯಾವ ಮಾತ್ರೆ ನುಂಗುತ್ತಾರೆ ಎಂಬುದು ಉಳಿದವರಿಗೆ ತಿಳಿದಿರಲಿ.

ಮಾತ್ರೆ ಮತ್ತು ಸೂಜಿ

ಮಾತ್ರೆ ಬದಲಿಸುವ ಅಧಿಕಾರ ವೈದ್ಯರದು. ಆದರೆ ಯಾವುದು ಯಕೃತ್ತಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರು ಅದನ್ನು ನಿಯಮದಿಂದ ನುಂಗುತ್ತಾರೆ. ಮೆಟ್ಫಾರ್ಮಿನ್ ಯಕೃತ್ತಿನ ಸಕ್ಕರೆ ತಯಾರಿಯನ್ನೇ ತಗ್ಗಿಸುವ ಔಷಧ. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಸ್ಟರ್ನ್ ಇದನ್ನು ಮೊದಲು ಮಧುಮೇಹಿಗಳಲ್ಲಿ ಬಳಸಿದ ಫಲಿತಾಂಶ ಪ್ರಕಟಿಸಿದರು. ಇಂದಿಗೂ ಅಗ್ಗ, ಇಂದಿಗೂ ಮುಂಚೂಣಿ. ಹೊಟ್ಟೆ ಕೆಡುತ್ತದೆಂದು ಬಿಟ್ಟುಬಿಡುವವರು ಊಟದ ನಡುವೆ ಅಥವಾ ಊಟ ಮುಗಿದ ಕೂಡಲೇ ನುಂಗಿ ನೋಡಬೇಕು, ನಿಧಾನವಾಗಿ ಕರಗುವ ಬಗೆಯನ್ನು ಕೊಡುವಿರಾ ಎಂದು ವೈದ್ಯರನ್ನು ಕೇಳಬೇಕು. ಆ ಬಗೆಯದನ್ನು ಜಗಿಯಬಾರದು, ಪುಡಿ ಮಾಡಬಾರದು. ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಸಸ್ಯಾಹಾರಿಗಳು ಪಾದ ಜೋಮು ಹಿಡಿಯುವುದನ್ನೆಲ್ಲ ಸಕ್ಕರೆಯ ತಲೆಗೆ ಕಟ್ಟದೆ ಬಿ12 ಪರೀಕ್ಷೆ ಮಾಡಿಸಿಕೊಳ್ಳಲಿ. ಮೂತ್ರಪಿಂಡದ ಸಾಮರ್ಥ್ಯ ಸೂಚಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಈ ಔಷಧ ಕೂಡದು.

ಪಯೋಗ್ಲಿಟಾಜೋನ್ ಯಕೃತ್ತಿನ ಕೊಬ್ಬನ್ನು ಇಳಿಸುತ್ತದೆ, ಆದರೆ ಕಾಲು ಊದುವುದು, ತೂಕ ಏರುವುದು, ಮೂಳೆ ಸವೆಯುವುದು ಉಂಟು. ಹೃದಯ ವೈಫಲ್ಯ ಇರುವವರಿಗೆ ಸಲ್ಲದು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಹಸಿವನ್ನೇ ತಗ್ಗಿಸಿ, ತೂಕದ ಜೊತೆಗೆ ಯಕೃತ್ತಿನ ಕೊಬ್ಬನ್ನೂ ಇಳಿಸುತ್ತವೆ. ರಾತ್ರಿ ಹಾಕಿಕೊಳ್ಳುವ ಗ್ಲಾರ್ಜಿನ್‌ನಂಥ ದೀರ್ಘಕಾಲದ ಇನ್ಸುಲಿನ್ನಿನ ಗುರಿಯೇ ರಾತ್ರಿಯ ಯಕೃತ್ತು, ಅದರ ಪ್ರಮಾಣವನ್ನು ಬೆಳಗಿನ ಅಂಕಿ ನೋಡಿ ಹೊಂದಿಸುವುದು ಅದಕ್ಕಾಗಿಯೇ. ಚರ್ಮದ ಕೆಳಗೆ ಚುಚ್ಚಿದ ಇನ್ಸುಲಿನ್ ಪೋರ್ಟಲ್ ರಕ್ತನಾಳದಿಂದ ಬಾರದೆ ಮೈಯೆಲ್ಲ ಸುತ್ತಿ ಯಕೃತ್ತನ್ನು ತಲುಪುತ್ತದೆ, ಹೀಗಾಗಿ ಯಕೃತ್ತನ್ನು ಮಣಿಸುವಷ್ಟು ಕೊಟ್ಟಾಗ ಉಳಿದ ಅಂಗಗಳಿಗೆ ಅಗತ್ಯಕ್ಕಿಂತ ಹೆಚ್ಚೇ ಸಿಗುತ್ತದೆ.

ಯಕೃತ್ತಿನ ಸಂಕೇತವನ್ನೇ ನೇರವಾಗಿ ತಿದ್ದುವ ಔಷಧಕ್ಕಾಗಿ ವಿಜ್ಞಾನಿಗಳು ಬಹಳ ಕಾಲದಿಂದ ದುಡಿಯುತ್ತಿದ್ದಾರೆ. ಯಕೃತ್ತನ್ನು ಸಕ್ಕರೆ ಬಿಡುವಂತೆ ಕೆರಳಿಸುವ ಗ್ಲುಕಗಾನ್‌ನ ಗ್ರಾಹಿಯನ್ನು ಮುಚ್ಚುವ ಮಾತ್ರೆಗಳು ಪ್ರಯೋಗದಲ್ಲಿ ಸಕ್ಕರೆಯನ್ನು ಚೆನ್ನಾಗಿ ಇಳಿಸಿದವು, ಆದರೆ ಯಕೃತ್ತಿನ ಕಿಣ್ವಗಳೂ ಕೊಬ್ಬೂ ಏರಿದ್ದರಿಂದ ಮುಂದೆ ಸಾಗಲಿಲ್ಲ. ಗ್ಲುಕೋಕೈನೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸುವ ಡೋರ್ಜಾಗ್ಲಿಯಾಟಿನ್‌ಗೆ 2022ರಲ್ಲಿ ಚೀನಾ ಒಪ್ಪಿಗೆ ಕೊಟ್ಟಿತು. ಇಂಥ ಸುದ್ದಿಗಳ ಬೆನ್ನಲ್ಲೇ "ಲಿವರ್ ಶುದ್ಧಿ" ಎಂಬ ಪುಡಿ, ಕಷಾಯಗಳ ಜಾಹೀರಾತು ಮೊಬೈಲಿಗೆ ಬರುತ್ತದೆ. ಒಳಗೆ ಏನಿದೆ ಎಂದು ಬರೆಯದ ಯಾವುದನ್ನೂ ಕುಡಿಯಬೇಡಿ. ಯಕೃತ್ತಿಗೆ ಪೆಟ್ಟು ಕೊಡುವ ಗಿಡಮೂಲಿಕೆಗಳೂ ಇವೆ, ಅಮೃತಬಳ್ಳಿಯಿಂದ ಯಕೃತ್ತಿನ ಉರಿಯೂತವಾದ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ಮುಂಬಯಿಯ ವೈದ್ಯರೇ ವರದಿ ಮಾಡಿದ್ದರು.

ಎಷ್ಟು ದಿನಕ್ಕೆ ಮತ್ತೆ ಅಳೆಯಬೇಕು ಎಂದು ಕೇಳಿದರೆ, ಬೆಳಗಿನ ಅಂಕಿ ಒಂದೆರಡು ವಾರದಲ್ಲೇ ಕದಲಲು ಆರಂಭಿಸುತ್ತದೆ, ಎಚ್‌ಬಿಎ1ಸಿ ಮಾತ್ರ ಮೂರು ತಿಂಗಳ ಸರಾಸರಿಯಾದ್ದರಿಂದ ಅದಕ್ಕೆ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಆರಂಭದಲ್ಲಿ ಮಾಡಿದಂತೆಯೇ ಹನ್ನೆರಡನೆಯ ವಾರದಲ್ಲಿ ಮತ್ತೆ ಏಳು ರಾತ್ರಿಯ ಲೆಕ್ಕ ಬರೆದು, ಸೊಂಟ ಮತ್ತು ತೂಕದ ಜೊತೆ ಒಂದೇ ಹಾಳೆಯಲ್ಲಿ ವೈದ್ಯರ ಮುಂದಿಡಿ. ನಡುವೆ ಬೆವರು, ನಡುಕ, ತಲೆ ಸುತ್ತು ಬಂದರೆ ಅಳೆಯಿರಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ಅಳೆಯಿರಿ, ಅದೇ ದಿನ ವೈದ್ಯರಿಗೆ ಹೇಳಿ. ಕಣ್ಣು ಹಳದಿಯಾದರೆ, ಹೊಟ್ಟೆ ಊದಿದರೆ, ಕಾರಣವಿಲ್ಲದೆ ತೂಕ ಇಳಿದರೆ, ವಾಂತಿಯ ಜೊತೆ ಏದುಸಿರು ಬಂದರೆ ಕಾಯಬಾರದು.

ಅಡುಗೆಯವರ ವೈದ್ಯರು ಆರಂಭದಲ್ಲೇ ಗ್ಲಿಮೆಪಿರೈಡನ್ನು ಅರ್ಧಕ್ಕಿಳಿಸಿದ್ದರು, ಎರಡನೆಯ ತಿಂಗಳಲ್ಲಿ ನಿಲ್ಲಿಸಿದರು. ಹನ್ನೆರಡನೆಯ ವಾರದ ಪುಟದಲ್ಲಿ ಮಲಗುವಾಗಿನ ಸರಾಸರಿ 121, ಬೆಳಗಿನದು 124 ಇತ್ತು, ತೂಕ 71ರಿಂದ 66ಕ್ಕೆ ಬಂದಿತ್ತು. ಫೈಬ್ರೋಸ್ಕ್ಯಾನ್ ಮಾಡಿಸುವುದು ಬಾಕಿಯಿದೆ. ದೀಪಾವಳಿಯ ಗಿರಾಕಿ ಕಳೆದ ಮೇಲೆ ಒಂದು ದಿನ ರಜೆ ಹಾಕಿ ಹೋಗುತ್ತೇನೆ ಎಂದಿದ್ದಾರೆ, ನಾನು ತಾರೀಖನ್ನು ಅವರ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟಿದ್ದೇನೆ.